ಡೈರಿ ತುಂಬ ಬರೀ ಗೋಳೇ ಆಗುತ್ತಿದೆ, ಒಳ್ಳೆಯ ಯೋಚನೆ ಬರುವಂತೆ ಬರೆಯುವುದು ಹೇಗೆ?

ಮೂರು ಸಲ ಡೈರಿ ಶುರು ಮಾಡಿದ್ದೀರಿ, ಮೂರು ಸಲವೂ ಎರಡು ವಾರಕ್ಕೆ ನಿಂತಿದೆ, ತಿರುವಿ ಹಾಕಿದರೆ ಎಲ್ಲ ಪುಟದಲ್ಲೂ ಗೋಳು ಎಂದು ಬರೆದಿದ್ದೀರಿ. ಗೋಳು ಬರೆದದ್ದರಿಂದ ಏನೂ ಕೆಟ್ಟಿಲ್ಲ. ಮೊದಲು ಹಳೆಯ ಎರಡು ಪುಟ ತೆಗೆದು, ತಾರೀಕು ಮುಚ್ಚಿ ಓದಿ ನೋಡಿ. ಯಾವುದು ಮೊದಲಿನದು, ಯಾವುದು ಆಮೇಲಿನದು ಅಂತ ಹೇಳಲಾಗದಷ್ಟು ಒಂದೇ ಥರ ಇದ್ದರೆ ಮನಸ್ಸು ಗಾಣದೆತ್ತಿನ ಹಾಗೆ ಸುತ್ತುತ್ತಿದೆ ಅಂತ ಅರ್ಥ. ಅಂಥ ಪುಟಗಳಲ್ಲಿ ‘ಯಾವಾಗಲೂ ಹೀಗೇ’ ಅನ್ನುವುದು ಧಾರಾಳವಾಗಿರುತ್ತದೆ, ‘ಏಕೆಂದರೆ’ ಅನ್ನುವ ಪದ ಹುಡುಕಿದರೂ ಸಿಗುವುದಿಲ್ಲ. ನಾನು ಮುಂದೆ ಹೇಳುವುದರಲ್ಲಿ ಹೆಚ್ಚಿನದು ಆ ಪದವನ್ನು ನಿಮ್ಮ ಡೈರಿಯೊಳಗೆ ತರುವ ಬಗೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳು 4 ದಿನ, ದಿನಕ್ಕೆ 15 ನಿಮಿಷ ತಮ್ಮ ನೋವಿನ ಅನುಭವದ ಬಗ್ಗೆ ಬರೆದರು. ಏನಾಯಿತು, ಏನನ್ನಿಸಿತು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ಆಮೇಲಿನ ವಿಶ್ಲೇಷಣೆಗಳಲ್ಲಿ ಇನ್ನೊಂದು ವಿಷಯ ಕಂಡಿತು: ದಿನ ಕಳೆದಂತೆ ‘ಏಕೆಂದರೆ’, ‘ಈಗ ಅರ್ಥವಾಯಿತು’ ಬಗೆಯ ಪದಗಳು ಯಾರ ಬರಹದಲ್ಲಿ ಹೆಚ್ಚಾದವೋ ಅವರಿಗೆ ಹೆಚ್ಚು ಪ್ರಯೋಜನವಾಗಿತ್ತು.

ಹಾಗಾಗಿ ಗೋಳಿಗೊಂದು ಗಡುವು ಕೊಡಿ. ನಿಮ್ಮನ್ನು ಕಾಡುವ ಒಂದೇ ವಿಷಯ ಆರಿಸಿ, ಸತತ 4 ದಿನ, 15 ನಿಮಿಷಕ್ಕೆ ಅಲಾರಾಂ ಇಟ್ಟು ಬರೆಯಿರಿ. ಕಾಗುಣಿತ ನೋಡಬೇಡಿ, ಪೆನ್ನು ನಿಲ್ಲಿಸಬೇಡಿ. ಮೊದಲ ದಿನ ನಡೆದದ್ದು ಮತ್ತು ಅನ್ನಿಸಿದ್ದು. ಎರಡನೆಯ ದಿನ, ಅದು ಇಷ್ಟು ಯಾಕೆ ಚುಚ್ಚುತ್ತದೆ. ಮೂರನೆಯ ದಿನ ‘ನಾನು’ ಬಿಟ್ಟು ನಿಮ್ಮ ಹೆಸರಿನಿಂದಲೇ ಬರೆಯಿರಿ, ಇನ್ನೊಬ್ಬರ ಕಥೆ ಹೇಳುವಂತೆ. ಸ್ವಲ್ಪ ದೂರ ನಿಂತು ನೋಡಿದಾಗ ಕಾರಣಗಳು ಕಾಣುವುದು ಸುಲಭ. ನಾಲ್ಕನೆಯ ದಿನ, ಇದರಲ್ಲಿ ನಿಮ್ಮ ಕೈಯಲ್ಲಿರುವುದೆಷ್ಟು ಅನ್ನುವುದು. ಆಮೇಲೆ ಎರಡು ವಾರ ಆ ವಿಷಯದ ತಂಟೆಗೆ ಹೋಗಬೇಡಿ. ಬರೆದ ಕೂಡಲೇ ಮನಸ್ಸು ಭಾರವಾಗುವುದು ಸಹಜ, ಸಾಮಾನ್ಯವಾಗಿ ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ. ಅದಕ್ಕೇ ಮಲಗುವ ಮುನ್ನ ಇದನ್ನು ಬರೆಯಬೇಡಿ. ತಡೆಯಲಾಗದಷ್ಟು ಕಲಕಿದರೆ ಅಲ್ಲಿಗೇ ನಿಲ್ಲಿಸಿ. ಎರಡು ವಾರಕ್ಕೂ ಮೀರಿ ನಿದ್ದೆ, ಹಸಿವು, ಕೆಲಸ ಎಲ್ಲ ಕೆಟ್ಟಿದ್ದರೆ ಅಥವಾ ಬದುಕೇ ಬೇಡ ಅನ್ನಿಸುತ್ತಿದ್ದರೆ ಡೈರಿಯನ್ನು ನೆಚ್ಚಿಕೊಂಡು ಕೂರಬೇಡಿ, ಇವತ್ತೇ ವೈದ್ಯರನ್ನು ಕಾಣಿ.

ಇನ್ನು ಒಳ್ಳೆಯದನ್ನು ಬರೆಯುವ ಬಗ್ಗೆ. ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಭ್ಯಾಸ ಸರಳವಾದದ್ದು: ಒಂದು ವಾರ ಪ್ರತಿ ರಾತ್ರಿ ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ, ಪ್ರತಿಯೊಂದಕ್ಕೂ ಕಾರಣ. ಆರು ತಿಂಗಳ ನಂತರವೂ ಅದರ ಪರಿಣಾಮ ಕಂಡಿತ್ತು. ಹೆಚ್ಚಿನವರು ಎಡವುವುದು ಕಾರಣ ಬಿಟ್ಟುಬಿಡುವುದರಲ್ಲಿ. ‘ಮನೆಯವರು, ಆರೋಗ್ಯ, ಕೆಲಸ’ ಅಂತ ಬರೆದರೆ ನಾಲ್ಕನೇ ದಿನಕ್ಕೆ ಅದು ಸಾಮಾನು ಪಟ್ಟಿಯಾಗುತ್ತದೆ, ಕೈ ಬರೆಯುತ್ತದೆ, ಮನಸ್ಸು ಅಲ್ಲಿರುವುದಿಲ್ಲ. ಇವತ್ತೇ ನಡೆದದ್ದಾಗಿರಬೇಕು, ಯಾರು ಏನು ಮಾಡಿದರು ಅನ್ನುವುದು ಇರಬೇಕು. ‘ಸ್ನೇಹಿತೆ ಒಳ್ಳೆಯವಳು’ ಅನ್ನುವ ಬದಲು, ‘ಸಂಜೆ ಅವಳೇ ಫೋನ್ ಮಾಡಿ ಸಂದರ್ಶನ ಹೇಗಾಯಿತು ಅಂತ ಕೇಳಿದಳು, ಏಕೆಂದರೆ ಹೋದ ವಾರ ನನ್ನ ಹೆದರಿಕೆಯನ್ನು ಅವಳ ಹತ್ತಿರ ಮುಚ್ಚಿಡದೆ ಹೇಳಿದ್ದೆ.’ ಒಳ್ಳೆಯದು ಸುಮ್ಮನೆ ಆಗಲಿಲ್ಲ, ಅದರಲ್ಲಿ ನಿಮ್ಮ ಪಾಲೂ ಇದೆ ಅನ್ನುವುದು ಆ ಎರಡನೆಯ ಅರ್ಧದಲ್ಲೇ ಗೊತ್ತಾಗುವುದು.

ಒಂದು ವಾರದ ನಂತರ ಇದನ್ನು ವಾರಕ್ಕೊಮ್ಮೆ ಮಾಡಿದರೆ ಸಾಕು. ಸೋನಿಯಾ ಲ್ಯೂಬೊಮಿರ್‌ಸ್ಕಿ ಅವರ ಒಂದು ಪ್ರಯೋಗದಲ್ಲಿ ವಾರಕ್ಕೊಮ್ಮೆ ಕೃತಜ್ಞತೆ ಬರೆದವರಿಗೆ ಪ್ರಯೋಜನವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ನಿಮ್ಮ ಡೈರಿ ಎರಡು ವಾರಕ್ಕೆ ನಿಲ್ಲುವುದಕ್ಕೂ ದಿನಾ ಬರೆಯಲೇಬೇಕು ಅನ್ನುವ ಹಟವೇ ಕಾರಣವಿರಬಹುದು. ತಪ್ಪಿದ ದಿನಗಳನ್ನು ಕೂತು ತುಂಬಿಸಲು ಹೋಗಬೇಡಿ. ಆ ಬಾಕಿ ನೋಡಿಯೇ ಎಷ್ಟೋ ಜನ ಡೈರಿ ಮುಚ್ಚಿಡುತ್ತಾರೆ.

‘ನಾನು ಸಮರ್ಥ, ನಾನು ಸುಂದರ’ ಅಂತ ದಿನವೂ ಬರೆಯುವ ಸಲಹೆ ಕೇಳಿರುತ್ತೀರಿ. ನಾನದನ್ನು ಒಪ್ಪುವುದಿಲ್ಲ. ಜೋಆನ್ ವುಡ್ ಮತ್ತು ಸಂಗಡಿಗರ 2009ರ ಅಧ್ಯಯನದಲ್ಲಿ, ತಮ್ಮ ಬಗ್ಗೆ ಕೀಳರಿಮೆ ಇದ್ದವರು ಅಂಥ ವಾಕ್ಯ ಹೇಳಿಕೊಂಡಾಗ ಅವರಿಗೆ ಇನ್ನಷ್ಟು ಬೇಸರವಾಯಿತು. ನಂಬಲಾಗದ ಮಾತನ್ನು ಬರೆದಾಗ ಒಳಗಿನಿಂದ ‘ಸುಳ್ಳು’ ಅನ್ನುವ ದನಿ ಏಳುತ್ತದೆ. ಸಾಕ್ಷಿ ಬರೆಯಿರಿ: ‘ಸಭೆಯಲ್ಲಿ ದನಿ ನಡುಗಿತು, ಆದರೂ ಕೇಳಬೇಕಾದ ಪ್ರಶ್ನೆ ಕೇಳಿದೆ.’ ಇದನ್ನು ನಿಮ್ಮ ಮನಸ್ಸು ಅಲ್ಲಗಳೆಯಲಾರದು.

ಗುರಿ ಬರೆಯುವಾಗಲೂ ಹಾಗೆಯೇ, ಕನಸಿನ ವರ್ಣನೆಗೆ ನಿಲ್ಲಿಸದೆ ಅಡ್ಡಿಯನ್ನೂ ಬರೆಯಿರಿ. ‘ಊಟವಾದ ಮೇಲೆ ಫೋನ್ ಹಿಡಿಯಬೇಕು ಅನ್ನಿಸಿದರೆ, ಮೊದಲು ಹತ್ತು ನಿಮಿಷ ಓದುತ್ತೇನೆ’ ಅನ್ನುವಂಥ ಒಂದು ಸಾಲು ಸಾಕು. ರಾತ್ರಿ ನಾಳೆಯ ಚಿಂತೆಯಿಂದ ನಿದ್ದೆ ಬಾರದಿದ್ದರೆ, ಹಾಸಿಗೆಗೆ ಹೋಗುವಾಗ 5 ನಿಮಿಷ ನಾಳೆಯ ಕೆಲಸಗಳನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡಿ. 2018ರ ಒಂದು ಪ್ರಯೋಗದಲ್ಲಿ ಹೀಗೆ ಬರೆದವರು, ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು.

ನೋಟ್‌ಬುಕ್ ಯಾವುದಾದರೂ ಆದೀತು, ಬೇರೆಯವರ ಕೈಗೆ ಸಿಗದಂತಿದ್ದರೆ ಸರಿ. ಯಾರಾದರೂ ಓದಿಬಿಡುತ್ತಾರೆ ಅನ್ನುವ ಅಳುಕಿದ್ದರೆ ಪೆನ್ನು ಸತ್ಯ ಬರೆಯುವುದಿಲ್ಲ. ಆ 4 ದಿನದ ಹಾಳೆಗಳನ್ನು ಬರೆದು ಹರಿದುಹಾಕಿದರೂ ನಷ್ಟವಿಲ್ಲ. ಉಳಿದ ಪುಟಗಳನ್ನು ತಿಂಗಳಿಗೊಮ್ಮೆ ಓದಿ, ಪ್ರತಿ ‘ಏಕೆಂದರೆ’ಯ ಕೆಳಗೂ ಬೇರೆ ಬಣ್ಣದಲ್ಲಿ ಗೆರೆ ಎಳೆಯಿರಿ. ಒಂದೇ ಕಾರಣ ಮೂರು ಸಲ ಬಂದಿದ್ದರೆ ಮುಂದಿನ ತಿಂಗಳ ಮೊದಲ ಪುಟದಲ್ಲಿ ಅದನ್ನೇ ಬರೆದು ಶುರುಮಾಡಿ.