ಓದುಗರ ಪ್ರಶ್ನೆ: ತೋಟದಲ್ಲಿ ಸಾಯುವ ವಾಚು, ಕಾಡಿಗೆ ಹೋದ ಎಮ್ಮೆ

ಪ್ರಶ್ನೆ: ಅಪ್ಪಯ್ಯನಿಗೆ 74 ವರ್ಷ. ಬಿದ್ದರೆ ನಮಗೆ ಕರೆ ಬರಲೆಂದು ಇ-ಸಿಮ್ (ಒಳಗೇ ಕೂಡಿಸಿದ ಸಿಮ್) ಇರುವ ವಾಚು ಕೊಡಿಸಿದ್ದೇನೆ. ಮನೆಯಲ್ಲಿದ್ದರೆ ಚಾರ್ಜು ಒಂದೂವರೆ ದಿನ ಬರುತ್ತದೆ. ಫೋನು ಬಿಟ್ಟು ಅಡಿಕೆ ತೋಟಕ್ಕೆ ಇಳಿದರೆ ಮಧ್ಯಾಹ್ನಕ್ಕೇ ಖಾಲಿ. ಅಂಗಡಿಯವರು ಬ್ಯಾಟರಿ ಸರಿಯಿದೆ ಎನ್ನುತ್ತಾರೆ. ಏನಾಗಿದೆ?
– ಓದುಗರೊಬ್ಬರು, ಕೊಪ್ಪ

ಉತ್ತರ: ಅಂಗಡಿಯವರು ಹೇಳಿದ್ದು ನಿಜವಿರಬೇಕು. ಮನೆಯಲ್ಲಿ ಫೋನು ಹತ್ತಿರವಿರುವುದರಿಂದ ವಾಚು ತನ್ನ ಮಾತನ್ನೆಲ್ಲ ಬ್ಲೂಟೂತ್‌ನಲ್ಲಿ ಅದಕ್ಕೆ ಒಪ್ಪಿಸಿ ಸುಮ್ಮನಿರುತ್ತದೆ. ಟವರ್‌ವರೆಗೆ ಮುಟ್ಟಿಸುವುದು ಫೋನಿನ ಪಾಡು. ಇದಕ್ಕೆ ಕೆಲವೇ ಮಿಲಿವ್ಯಾಟ್ ಸಾಕು. ತೋಟದಲ್ಲಿ ಒಪ್ಪಿಸಲು ಯಾರೂ ಇಲ್ಲ. ವಾಚೇ 4ಜಿ ರೇಡಿಯೋ ಎಬ್ಬಿಸಿ ಟವರ್‌ಗೆ ಕೂಗಬೇಕು.

ನಾನು ಹತ್ತು ವರ್ಷ ಮಲೆನಾಡಿನ ರಸ್ತೆಗಳಲ್ಲಿ ಡ್ರೈವ್ ಟೆಸ್ಟ್ ಮಾಡಿದವಳು. ಜೀಪಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಸಿಗ್ನಲ್ ಅಳೆಯುವ ಕೆಲಸ. ಗುಡ್ಡದ ಮೇಲೆ ಚೆನ್ನಾಗಿರುವ ಸಿಗ್ನಲ್, ಕಣಿವೆಯ ತೋಟಕ್ಕೆ ಇಳಿದೊಡನೆ ಒಂದು ಕಡ್ಡಿಗೆ ಬರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಸಿಗ್ನಲ್ ಕುಗ್ಗಿದಷ್ಟೂ ಸಾಧನ ಗಂಟಲು ಏರಿಸುತ್ತದೆ. 4ಜಿಯಲ್ಲಿ ಅದು 200 ಮಿಲಿವ್ಯಾಟ್‌ವರೆಗೂ ಹೋಗಬಹುದು. ಎದೆಬಡಿತದ ಒಂದು ಸಣ್ಣ ಅಂಕಿ ಕಳಿಸಿದರೂ ರೇಡಿಯೋ ತಕ್ಷಣ ಮಲಗುವುದಿಲ್ಲ, ಇನ್ನೂ ಕೆಲವು ಸೆಕೆಂಡು ಎಚ್ಚರವಿರುತ್ತದೆ. ಇಷ್ಟೆಲ್ಲ 300–500 ಎಂಎಎಚ್‌ನ ಪುಟ್ಟ ಬ್ಯಾಟರಿಯಿಂದ ಆಗಬೇಕು. ಈಗಿನ ಫೋನುಗಳಲ್ಲಿ 4000–5000 ಇರುತ್ತದೆ.

ಆದ್ದರಿಂದ ಫೋನು ಅಪ್ಪಯ್ಯನ ಅಂಗಿಯ ಜೇಬಿನಲ್ಲೇ ಇರಲಿ. ಪಂಪ್‌ಹೌಸ್‌ನಲ್ಲಿಟ್ಟು ಅವರು ತೋಟದ ಆ ತುದಿಗೆ ಹೋದರೆ ಪ್ರಯೋಜನವಿಲ್ಲ, ಬ್ಲೂಟೂತ್ ಹತ್ತು ಮೀಟರ್ ಆಸುಪಾಸಿಗೆ ಸಾಕಾಗುತ್ತದೆ ಅಷ್ಟೆ. ಚಾರ್ಜು ಉಳಿಸಲು ವಾಚಿನ ಮೊಬೈಲ್ ನೆಟ್‌ವರ್ಕ್ ಆಫ್ ಮಾಡಿಬಿಡಿ ಎಂದು ಯಾರಾದರೂ ಹೇಳಿದರೆ, ಅಪ್ಪಯ್ಯ ಒಬ್ಬರೇ ಹೋಗುವ ದಿನ ದಯವಿಟ್ಟು ಕೇಳಬೇಡಿ. ನೀವು ವಾಚು ಕೊಡಿಸಿದ್ದೇ ಆ ಕರೆಗಾಗಿ. ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ: ಒಂದು ಭಾನುವಾರ ಅವರ ಜೊತೆ ತೋಟಕ್ಕೆ ಇಳಿದು, ಅವರು ಕೆಲಸ ಮಾಡುವ ಒಂದೊಂದು ಜಾಗದಲ್ಲೂ ನಿಂತು ಮನೆಗೆ ಕರೆ ಮಾಡಿ ನೋಡಿ. ಕರೆ ಹೋಗದ ಜಾಗದಲ್ಲಿ ವಾಚು, ಫೋನು ಎರಡೂ ಕೈಕೊಡುತ್ತವೆ. ಅಲ್ಲಿಗೆ ಹೋಗುವ ದಿನ ಇಷ್ಟು ಗಂಟೆಗೆ ಬರುತ್ತೇನೆಂದು ಮನೆಯಲ್ಲಿ ಹೇಳಿ ಹೋಗಲಿ.

ಪ್ರಶ್ನೆ: ಮೇಯಲು ಕಾಡಿಗೆ ಹೋಗುವ ಎಮ್ಮೆಯ ಕೊರಳಿಗೆ ಕೀಲಿಗೊಂಚಲಿಗೆ ಹಾಕುವ ಟ್ಯಾಗ್ ಕಟ್ಟಿದರೆ ಎಲ್ಲಿದೆಯೆಂದು ತಿಳಿಯುತ್ತದೆಯೇ? ಅದರಲ್ಲಿ ಸಿಮ್ಮೂ ಇಲ್ಲವಂತೆ.
– ಓದುಗರೊಬ್ಬರು, ಹಳಿಯಾಳ

ಉತ್ತರ: ಪೇಟೆಯಲ್ಲಾದರೆ ತಿಳಿಯುತ್ತದೆ. 2021ರಲ್ಲಿ ಬಂದ ಆಪಲ್ ಏರ್‌ಟ್ಯಾಗ್‌ನಲ್ಲಿ ಸಿಮ್ ಇಲ್ಲ, ಜಿಪಿಎಸ್ಸೂ ಇಲ್ಲ. ಬ್ಲೂಟೂತ್‌ನಲ್ಲಿ ಪಿಸುಗುಟ್ಟುತ್ತಿರುತ್ತದೆ, ಪಕ್ಕದಲ್ಲಿ ಹಾದುಹೋಗುವ ಯಾರದ್ದೋ ಐಫೋನು ಅದನ್ನು ಕೇಳಿಸಿಕೊಂಡು, ತಾನಿರುವ ಜಾಗವನ್ನು ಗೂಢಲಿಪಿಯಲ್ಲಿ ಕಳಿಸುತ್ತದೆ. ದೂರದ ಮಾತೆಲ್ಲ ಪರರ ಫೋನಿನ ಹೆಗಲಿಗೆ ಹೋಗುವುದರಿಂದಲೇ ನಾಣ್ಯದಂಥ ಒಂದು ಬ್ಯಾಟರಿ ವರ್ಷದಷ್ಟು ಕಾಲ ಬಾಳುತ್ತದೆ. ಆಂಡ್ರಾಯ್ಡ್ ಫೋನುಗಳಿಗೂ ಗೂಗಲ್ 2024ರಲ್ಲಿ ಇಂಥ ಜಾಲ ತೆರೆಯಿತು. ನಿಮ್ಮ ಕಾಡಿನಲ್ಲಿ ಎಮ್ಮೆಯ ಪಕ್ಕ ಫೋನು ಹಿಡಿದು ನಡೆಯುವವರು ಎಷ್ಟು ಜನ?

ಜನರಿಲ್ಲದ ಕಡೆ ಪ್ರಾಣಿಗಳಿಂದಲೇ ಮಾತು ಹೊರಿಸಿದ್ದೂ ಉಂಟು. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದವರು 2004ರಲ್ಲಿ ಕೀನ್ಯಾದಲ್ಲಿ ಜೀಬ್ರಾಗಳಿಗೆ ಜಿಪಿಎಸ್ ಪಟ್ಟಿ ಕಟ್ಟಿದರು. ಎರಡು ಜೀಬ್ರಾ ಎದುರಾದಾಗ ಪಟ್ಟಿಗಳು ತಮ್ಮಲ್ಲಿದ್ದ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುವಂತೆ ಮಾಡಿದ್ದರು. ಹೀಗಾಗಿ ಸಂಶೋಧಕರಿಗೆ ಒಂದು ಜೀಬ್ರಾ ಸಿಕ್ಕರೆ, ಕಣ್ಣಿಗೇ ಬೀಳದ ಉಳಿದವುಗಳ ಸುದ್ದಿಯೂ ಸಿಗುತ್ತಿತ್ತು. ಅದೇ ಕಾಲಕ್ಕೆ ನಮ್ಮ ದೊಡ್ಡಬಳ್ಳಾಪುರದಲ್ಲಿ ಡಾಕ್‌ನೆಟ್ ಎಂಬ ಪ್ರಯೋಗ ನಡೆಯಿತು: ಬಸ್ಸಿಗೆ ವೈಫೈ ಪೆಟ್ಟಿಗೆ ಕಟ್ಟಿ, ಭೂಮಿ ಯೋಜನೆಯ ಪಹಣಿ ಅರ್ಜಿಗಳನ್ನು ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಸಾಗಿಸಿದರು. ಅದರ ಬಗ್ಗೆ ಓದಿದ ದಿನ ನನಗಾದ ಸಂತೋಷ ಇನ್ನೂ ನೆನಪಿದೆ.

ಆದರೆ ಜೀಬ್ರಾದ ಸುದ್ದಿ ನಾಳೆ ಸಿಕ್ಕಿದರೂ ನಡೆಯುತ್ತಿತ್ತು. ನಿಮಗೆ ಎಮ್ಮೆ ಇಂದು ಸಂಜೆಯೇ ಬೇಕು. ಮೇಯುವ ಜಾಗದಲ್ಲಿ ನೆಟ್‌ವರ್ಕ್ ಇದ್ದರೆ ಸ್ವಂತ ಸಿಮ್ ಮತ್ತು ಜಿಪಿಎಸ್ ಇರುವ ಪಟ್ಟಿ ತಗೊಳ್ಳಿ, ಅದನ್ನು ಆಗಾಗ ಚಾರ್ಜ್ ಮಾಡಬೇಕಾಗುತ್ತದೆ. ನೆಟ್‌ವರ್ಕ್ ಇಲ್ಲದಿದ್ದರೆ ಟ್ಯಾಗ್‌ಗೆ ದುಡ್ಡು ಹಾಕಬೇಡಿ. ಎರಡರಲ್ಲಿ ಯಾವುದಾದರೂ ಸರಿ, ಕೊರಳಿನ ಗಂಟೆ ಮಾತ್ರ ಬಿಚ್ಚಬೇಡಿ.