ಗೋಲೂ ಅವನದೇ, ಕೆಂಪು ಕಾರ್ಡೂ ಅವನದೇ

ಪ್ರಶ್ನೆ: ಸರ್, ಉಪ್ಪಳ ಹತ್ತಿರ ನಮ್ಮ ಕ್ಲಬ್ಬಿನ ಸೆವೆನ್ಸ್ (ಏಳು ಮಂದಿ ಆಡುವ ಫುಟ್ಬಾಲ್) ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಫಾರ್ವರ್ಡ್ ಹುಡುಗನ ಕಾಲಿಗೆ ಚೆಂಡು ಸಿಕ್ಕಿದರೆ ಗ್ಯಾಲರಿಯೇ ಎದ್ದು ನಿಲ್ಲುತ್ತದೆ. ಆದರೆ ಪ್ರಾಕ್ಟೀಸಿಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ರೆಫ್ರಿ ಜೊತೆ ಜಗಳ, ನಮ್ಮವರ ಮೇಲೂ ಕೂಗಾಟ. ಕಳೆದ ಸೆಮಿಫೈನಲಿನಲ್ಲಿ ಕೆಂಪು ಕಾರ್ಡ್ ತಿಂದ, ನಾವು ಸೋತೆವು. ಅವನನ್ನು ಬಿಟ್ಟರೆ ಗೋಲು ಹೊಡೆಯುವವರಿಲ್ಲ. ಏನು ಮಾಡಲಿ?

ಉತ್ತರ: ಕೆಂಪು ಕಾರ್ಡು ಎಲ್ಲರಿಗೂ ಕಾಣುವ ನಷ್ಟ. ಹನ್ನೊಂದು ಮಂದಿಯ ಆಟದಲ್ಲೇ ಒಬ್ಬ ಕಡಿಮೆಯಾದರೆ ಕಷ್ಟ. ಸೆವೆನ್ಸಿನಲ್ಲಿ ಗೋಲ್‌ಕೀಪರ್ ಬಿಟ್ಟರೆ ಉಳಿಯುವುದೇ ಆರು ಮಂದಿ. ಆದರೆ ನಿಮ್ಮ ತಂಡ ಸೋಲಲು ಶುರುವಾದದ್ದು ಆ ಕಾರ್ಡಿಗಿಂತ ಮೊದಲೇ ಇರಬೇಕು.

ಮುಂದಿನ ಮ್ಯಾಚಿನಲ್ಲಿ ಅವನನ್ನು ನೋಡಬೇಡಿ, ಉಳಿದವರನ್ನು ನೋಡಿ. ಚೆಂಡು ಕಳೆದುಕೊಂಡು ಅವನು ಸೊಂಟಕ್ಕೆ ಕೈಯಿಟ್ಟು ನಿಂತಾಗ ವಿಂಗಿನ ಹುಡುಗ ಎರಡು ಹೆಜ್ಜೆ ಹಿಂದೆ ಸರಿಯುತ್ತಾನೆ, ಅವನ ಜಾಗವನ್ನೂ ತಾನೇ ಕಾಯಬೇಕಲ್ಲ! ಒಮ್ಮೆ ಬೈಗುಳ ತಿಂದವನು ಮುಂದಿನ ಸಲ ಅವನಿಗೆ ಪಾಸ್ ಕೊಡದೆ ಬದಿಗೆ ತಳ್ಳುತ್ತಾನೆ, ಅಥವಾ ಹೆದರಿ ಅವನಿಗೇ ಕೊಡುತ್ತಾನೆ. ಎರಡೂ ಆಟ ಕೆಡಿಸುತ್ತವೆ. ಅವನು ಯಾವಾಗ ಏನು ಮಾಡುತ್ತಾನೋ ಎಂದು ಎದುರಾಳಿ ಲೆಕ್ಕ ಹಾಕಬೇಕಿತ್ತು. ಈಗ ನಿಮ್ಮವರೇ ಹಾಕುತ್ತಿದ್ದಾರೆ.

ದೊಡ್ಡವರಲ್ಲೂ ಇದುಂಟು. 2006ರ ವಿಶ್ವಕಪ್ ಫೈನಲಿನಲ್ಲಿ 7ನೇ ನಿಮಿಷಕ್ಕೆ ಪೆನಾಲ್ಟಿ ಗೋಲು ಹೊಡೆದ ಫ್ರಾನ್ಸಿನ ಜಿದಾನ್, 110ನೇ ನಿಮಿಷಕ್ಕೆ ಇಟಲಿಯ ಮತೆರಾಜ್ಜಿ ಎದೆಗೆ ತಲೆಯಿಂದ ಗುದ್ದಿ ಕೆಂಪು ಕಾರ್ಡ್ ತಿಂದು ಹೊರನಡೆದರು. ಪೆನಾಲ್ಟಿ ಶೂಟೌಟ್ ಬಂದಾಗ ಅವರೇ ಇರಲಿಲ್ಲ; ಇಟಲಿ 5-3ರಿಂದ ಗೆದ್ದಿತು. ನಿಮಗೆ ಹೆಚ್ಚು ಹತ್ತಿರದ್ದು ಫ್ರೆಂಚ್ ಆಟಗಾರ ಕ್ಯಾಂಟೊನಾ ಕತೆ. 1995ರ ಜನವರಿಯಲ್ಲಿ ಪ್ರೇಕ್ಷಕನಿಗೆ ಒದ್ದು ಸೆಪ್ಟೆಂಬರ್ ಕೊನೆಯವರೆಗೆ ನಿಷೇಧಕ್ಕೊಳಗಾದರು. ಆ ಸಲ ಅವರ ತಂಡ ಮ್ಯಾಂಚೆಸ್ಟರ್ ಯುನೈಟೆಡ್ ಒಂದೇ ಅಂಕದಿಂದ ಇಂಗ್ಲೆಂಡಿನ ಲೀಗ್ ಕಳೆದುಕೊಂಡಿತು. ಆದರೂ ಮ್ಯಾನೇಜರ್ ಫರ್ಗುಸನ್ ಕ್ಯಾಂಟೊನಾರನ್ನು ಬಿಟ್ಟುಕೊಡಲಿಲ್ಲ. ಮರುವರ್ಷ ಲೀಗ್, ಎಫ್‌ಎ ಕಪ್ ಎರಡೂ ಬಂದವು. ಕಪ್ ಫೈನಲಿನ ಏಕೈಕ ಗೋಲು ಕ್ಯಾಂಟೊನಾ ಅವರದೇ. ಹಾಗಂತ ಇದನ್ನು ನಿಮ್ಮ ಹುಡುಗನಿಗೆ ಹೇಳಬೇಡಿ, ತಾನೂ ಕ್ಯಾಂಟೊನಾ ಅಂದುಕೊಂಡಾನು.

ಒಂದು ಸಂಜೆ, ಮ್ಯಾಚ್ ಇಲ್ಲದ ದಿನ, ಒಬ್ಬನನ್ನೇ ಕೂರಿಸಿ ಕೇಳಿ. ಪ್ರಾಕ್ಟೀಸಿಗೆ ಬಾರದ್ದಕ್ಕೆ ಅಹಂಕಾರವೇ ಕಾರಣವಾಗಬೇಕಿಲ್ಲ: ರಾತ್ರಿ ಕೆಲಸ ಇರಬಹುದು, ಗಲ್ಫ್ ವೀಸಾ ಕಾಯುತ್ತಾ ತಲೆ ಕೆಟ್ಟಿರಬಹುದು, ಕ್ಲಬ್ಬಿನಿಂದ ದುಡ್ಡು ಬಾಕಿ ಇರಬಹುದು. ಸಿಟ್ಟು ಎಲ್ಲಿ ಹತ್ತುತ್ತದೆ ಅಂತಲೂ ಗಮನಿಸಿ. ಇವನ ಸ್ವಭಾವ ಗೊತ್ತಿರುವ ಡಿಫೆಂಡರ್ ಚೆಂಡು ಬಿಟ್ಟು ಹಿಮ್ಮಡಿಗೇ ಒದೆಯುತ್ತಾನೆ, ಗ್ಯಾಲರಿಯವರು ಹೆಸರು ಹಿಡಿದು ಕೆಣಕುತ್ತಾರೆ. ರೆಫ್ರಿ ಹತ್ತಿರ ಕ್ಯಾಪ್ಟನ್ ಬಿಟ್ಟು ಯಾರೂ ಮಾತಾಡಬಾರದು ಅಂತ ಮಾಡಿ. ಹಳದಿ ಕಾರ್ಡ್ ಬಿದ್ದರೆ ತಕ್ಷಣ ಹೊರಗೆ ಕರೆಸಿ, ನೀರು ಕೊಡಿ, ಉಪದೇಶ ಬೇಡ.

ಪ್ರಾಕ್ಟೀಸಿಗೆ ಬಾರದವನು ಮೊದಲ ಏಳರಲ್ಲಿ ಇಲ್ಲ: ಇದು ಎಲ್ಲರಿಗೂ ಒಂದೇ, ಮೊದಲೇ ಹೇಳಿರಬೇಕು. ಕ್ಲಬ್ಬಿನ ಹಿರಿಯರು ಕ್ವಾರ್ಟರ್ ಫೈನಲ್ ದಿನವೇ ಬಂದು "ಇವತ್ತೊಂದು ದಿನ ಬಿಡಿ ಮಾರಾಯ್ರೆ" ಅಂತಾರೆ. ಆ ದಿನ ಸಡಿಲಬಿಟ್ಟರೆ ನಿಮ್ಮ ನಿಯಮಕ್ಕೆ ಕವಡೆ ಬೆಲೆಯಿಲ್ಲ. ಅದಕ್ಕೇ ಸಣ್ಣ ಮ್ಯಾಚುಗಳಲ್ಲಿ ಇನ್ನೊಬ್ಬನನ್ನು ಮುಂದೆ ಆಡಿಸಿ ಈಗಲೇ ತಯಾರು ಮಾಡಿಕೊಳ್ಳಿ.

ಎರಡು ಟೂರ್ನಮೆಂಟ್ ನೋಡಿ. ಆಗಲೂ ಬೆಂಚಿನಿಂದ ಎದ್ದು ಮನೆಗೆ ಹೋಗುವವನಾದರೆ ಬಿಟ್ಟುಬಿಡಿ. ಸೀಸನ್ ನಡುವೆ ಬೇಡ, ಮಳೆ ಹಿಡಿದು ಸೀಸನ್ ಮುಗಿದ ಮೇಲೆ ಹೇಳಿ. ಬೇರೆ ತಂಡ ಹುಡುಕಲು ಅವನಿಗೂ ಸಮಯ ಸಿಗಲಿ.