ಷಿಕಾಗೊ ಮೇಯರ್ ಚುನಾವಣೆಯಲ್ಲಿ ಪಕ್ಷಗಳೇ ಇಲ್ಲವೇ? 2023ರಲ್ಲಿ ಹಾಲಿ ಮೇಯರ್ ಮೊದಲ ಸುತ್ತಿನಲ್ಲೇ ಹೊರಬಿದ್ದದ್ದು ಹೇಗೆ?

ಪಕ್ಷಗಳಿವೆ, ಮತಪತ್ರದಲ್ಲಿ ಮಾತ್ರ ಇಲ್ಲ. ಅಭ್ಯರ್ಥಿಯ ಹೆಸರಿನ ಪಕ್ಕದಲ್ಲಿ ಡೆಮಾಕ್ರಟಿಕ್ ಅಥವಾ ರಿಪಬ್ಲಿಕನ್ ಎಂದು ಬರೆದಿರುವುದಿಲ್ಲ. ಪಕ್ಷದ ಅಭ್ಯರ್ಥಿ ಯಾರೆಂದು ಮತದಾರರೇ ಆರಿಸುವ ಪ್ರೈಮರಿ ಚುನಾವಣೆಯೂ ಇಲ್ಲ. ಎಲ್ಲರೂ ಒಂದೇ ಕಣದಲ್ಲಿ ನಿಲ್ಲುತ್ತಾರೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಾರದಿದ್ದರೆ ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಯುತ್ತದೆ. 1999ರಿಂದ ಈ ಪದ್ಧತಿಯಿದೆ.

ಅದಕ್ಕೆ ಮೊದಲು ಡೆಮಾಕ್ರಟಿಕ್ ಪ್ರೈಮರಿ ಗೆದ್ದವರೇ ಹೆಚ್ಚುಕಡಿಮೆ ಮೇಯರ್. 1983ರಲ್ಲಿ ಹಾಲಿ ಮೇಯರ್ ಜೇನ್ ಬರ್ನ್ ಮತ್ತು ರಿಚರ್ಡ್ ಎಂ. ಡೇಲಿ ಬಿಳಿಯರ ಮತಗಳನ್ನು ಹಂಚಿಕೊಂಡರು; ಹೆರಾಲ್ಡ್ ವಾಷಿಂಗ್ಟನ್ ಬಹುಮತವಿಲ್ಲದೆಯೇ ಪ್ರೈಮರಿ ಗೆದ್ದು, ಮುಂದೆ ನಗರದ ಮೊದಲ ಕಪ್ಪು ಮೇಯರ್ ಆದರು. ಇಂಥ ಗೆಲುವು ಮರುಕಳಿಸದಿರಲೆಂದೇ ನಿಯಮ ಬದಲಾಯಿತು ಎಂಬ ಆರೋಪ ಹಳೆಯದು. ಅದು ಪೂರ್ತಿ ಆಧಾರವಿಲ್ಲದ ಅನುಮಾನವೆಂದು ನನಗೆ ಅನಿಸುವುದಿಲ್ಲ.

2023ರ ಫೆಬ್ರುವರಿ 28ರಂದು ಒಂಬತ್ತು ಮಂದಿ ಕಣದಲ್ಲಿದ್ದರು. ಪಾಲ್ ವಾಲಸ್‌ಗೆ ಸುಮಾರು 33%, ಬ್ರ್ಯಾಂಡನ್ ಜಾನ್ಸನ್‌ಗೆ ಸುಮಾರು 22% ಮತ ಬಂತು. ಹಾಲಿ ಮೇಯರ್ ಲೋರಿ ಲೈಟ್‌ಫುಟ್ ಸುಮಾರು 17%ಕ್ಕೆ ನಿಂತರು. ಮೂರನೇ ಸ್ಥಾನಕ್ಕೆ ಎರಡನೇ ಸುತ್ತಿನಲ್ಲಿ ಜಾಗವಿಲ್ಲ, ಹಾಲಿ ಮೇಯರ್ ಆದರೂ ಸರಿ.

ಏಪ್ರಿಲ್ 4ರ ಸುತ್ತಿನಲ್ಲಿ ಎದುರುಬದುರಾದ ಇಬ್ಬರೂ ಡೆಮಾಕ್ರಟರೇ. ಆದರೂ ಹೋರಾಟ ಸಪ್ಪೆಯಾಗಿರಲಿಲ್ಲ: ವಾಲಸ್ ಬೆನ್ನಿಗೆ ಪೊಲೀಸರ ಸಂಘ, ಜಾನ್ಸನ್ ಬೆನ್ನಿಗೆ ಶಿಕ್ಷಕರ ಸಂಘ. ಪಕ್ಷದ ಹೆಸರು ಅಳಿಸಿದ ಜಾಗದಲ್ಲಿ ಸಂಘಗಳು ಬಂದು ಕುಳಿತವು. ಜಾನ್ಸನ್ ಸುಮಾರು 52% ಮತ ಪಡೆದು ಗೆದ್ದರು.